ಮಾತ್ರೆಯ ಬಂಧನ ಮತ್ತು ಶ್ರಾವಕರ ಹೊಣೆ

ಮುಂಬಯಿ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳಲ್ಲಿ ವೃದ್ಧರನ್ನು ಆರೈಕೆ ಗೃಹಕ್ಕೆ ಸೇರಿಸುವುದು ಈಗ ಅಪರೂಪದ ಸಂಗತಿಯಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ, ಇಕ್ಕಟ್ಟಾದ ಫ್ಲ್ಯಾಟ್, ಹಗಲು ರಾತ್ರಿಯ ಪರಿವೆಯಿಲ್ಲದೆ ಓಡಾಡುವ ಮರೆವಿನ ಕಾಯಿಲೆಯ ತಾಯಿ. ಇಂಥ ಸ್ಥಿತಿಯಲ್ಲಿ ಕೈಗೊಂಡ ನಿರ್ಧಾರಕ್ಕೆ ನಾಚಬೇಕಾದ ಕಾರಣವಿಲ್ಲ. ನಾಚಬೇಕಾದದ್ದು ಬೇರೆ ಇದೆ: ಸೇರಿಸಿದ ಮೇಲೆ ಆ ತಾಯಿಗೆ ದಿನವೂ ಯಾವ ಮಾತ್ರೆ ಕೊಡಲಾಗುತ್ತಿದೆ, ಏಕೆ ಕೊಡಲಾಗುತ್ತಿದೆ ಎಂದು ಕೇಳದೆ ಇರುವುದು.

ಒಂದು ದೃಶ್ಯವನ್ನು ಊಹಿಸಿಕೊಳ್ಳಬಹುದು. ಜೀವಮಾನವಿಡೀ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿದ ಅಜ್ಜಿಯ ಮುಂದೆ ರಾತ್ರಿ ಎಂಟು ಗಂಟೆಗೆ ತಟ್ಟೆ ಬರುತ್ತದೆ. ಅವರು ತಟ್ಟೆಯನ್ನು ದೂಡುತ್ತಾರೆ, ಕೂಗುತ್ತಾರೆ. ದಾದಿಗೆ ಕನ್ನಡ ಬಾರದು. ಅಜ್ಜಿ ಮದುವೆಯಾದ ಮೇಲೆ ಕಲಿತಿದ್ದ ಮರಾಠಿ ಮರೆವಿನ ಪಾಲಾಗಿ, ಹುಟ್ಟಿದೂರಿನ ಕನ್ನಡವೊಂದೇ ಉಳಿದಿದೆ. ದಾಖಲೆ ಪುಸ್ತಕದಲ್ಲಿ 'ಆಕ್ರಮಣಕಾರಿ ವರ್ತನೆ' ಎಂಬ ಎರಡೇ ಪದಗಳು ಬೀಳುತ್ತವೆ. ಕೆಲವು ದಿನಗಳಲ್ಲಿ ಔಷಧಿಯ ಪಟ್ಟಿಗೆ ಇನ್ನೊಂದು ಮಾತ್ರೆ ಸೇರುತ್ತದೆ. ಅಜ್ಜಿ ಸುಮ್ಮನಾಗುತ್ತಾರೆ. ಭೇಟಿಗೆ ಬಂದ ಮಗನಿಗೆ 'ಈಗ ಶಾಂತವಾಗಿದ್ದಾರೆ' ಎಂಬ ಉತ್ತರ ಸಿಗುತ್ತದೆ. ಆ ಶಾಂತಿ ಅಜ್ಜಿಗೆ ದೊರೆತದ್ದೋ ಸಂಸ್ಥೆಗೆ ದೊರೆತದ್ದೋ ಎಂದು ಯಾರೂ ವಿಚಾರಿಸುವುದಿಲ್ಲ.

ರಿಸ್ಪೆರಿಡೋನ್, ಕ್ವೆಟಿಯಾಪಿನ್, ಓಲಾಂಜಪಿನ್, ಹ್ಯಾಲೊಪೆರಿಡಾಲ್ ಮೊದಲಾದವು ಮುಖ್ಯವಾಗಿ ತೀವ್ರ ಮನೋರೋಗಗಳ ಔಷಧಿಗಳು. ಸ್ಕಿಜೋಫ್ರೇನಿಯಾ ಇರುವವರಿಗೆ ಅವು ಬದುಕನ್ನೇ ಮರಳಿ ಕೊಟ್ಟಿವೆ. ಆದರೆ ಮರೆವಿನ ಕಾಯಿಲೆಯ ವೃದ್ಧರ ವಿಷಯ ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 17 ಪ್ರಯೋಗಗಳನ್ನು ಪರಿಶೀಲಿಸಿ, 2005ರಲ್ಲಿ ಈ ವರ್ಗದ ಹೊಸ ಔಷಧಿಗಳ ಮೇಲೆ ಅತ್ಯಂತ ಕಠಿಣ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು. ಸುಮಾರು ಹತ್ತು ವಾರಗಳ ಪ್ರಯೋಗದಲ್ಲಿ ಔಷಧಿ ಪಡೆದವರಲ್ಲಿ ಶೇ. 4.5ರಷ್ಟು, ಪಡೆಯದವರಲ್ಲಿ ಶೇ. 2.6ರಷ್ಟು ಮಂದಿ ಮೃತಪಟ್ಟಿದ್ದರು. 2008ರಲ್ಲಿ ಹಳೆಯ ಔಷಧಿಗಳಿಗೂ ಅದೇ ಎಚ್ಚರಿಕೆ ಅನ್ವಯವಾಯಿತು. ಬ್ರಿಟನ್ ಸರ್ಕಾರಕ್ಕಾಗಿ ಪ್ರೊ. ಸುಬೆ ಬ್ಯಾನರ್ಜಿ 2009ರಲ್ಲಿ ನೀಡಿದ ವರದಿ, ಅಲ್ಲಿ ಈ ಔಷಧಿ ಪಡೆಯುತ್ತಿದ್ದ 1,80,000 ಮರೆವಿನ ರೋಗಿಗಳಲ್ಲಿ ಪ್ರಯೋಜನ ಪಡೆಯುತ್ತಿರುವವರು 36,000 ಮಂದಿ ಇರಬಹುದು, ವರ್ಷಕ್ಕೆ ಸುಮಾರು 1,800 ಹೆಚ್ಚುವರಿ ಸಾವುಗಳು ಸಂಭವಿಸುತ್ತಿರಬಹುದು ಎಂದು ಅಂದಾಜಿಸಿತು.

ಹಾಗೆಂದು ಮಾತ್ರೆಯನ್ನು ಕಿತ್ತೆಸೆಯಬೇಕೆಂದಲ್ಲ. ಥಟ್ಟನೆ ನಿಲ್ಲಿಸುವುದೂ ಅಪಾಯವೇ. ತನಗೋ ಇತರರಿಗೋ ಹಾನಿಯಾಗುವಷ್ಟು ಉದ್ವೇಗವಿದ್ದಾಗ, ಬೇರೆ ಉಪಾಯಗಳು ಸೋತಾಗ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಕೊಡುವುದುಂಟು. ಕೊಟ್ಟ ಮೇಲೆ ಗಮನಿಸುವುದು ಚಿಕಿತ್ಸೆಯ ಅರ್ಧ ಭಾಗ. ಯಾವ ವರ್ತನೆಗಾಗಿ ಔಷಧಿ? ಅದು ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ, ಯಾವುದರ ಬೆನ್ನಿಗೆ ಕಾಣಿಸಿಕೊಳ್ಳುತ್ತದೆ? ಮಲಬದ್ಧತೆ, ಮೂತ್ರದ ಸೋಂಕು, ಕೀಲುನೋವುಗಳನ್ನು ಪರೀಕ್ಷಿಸಲಾಗಿದೆಯೇ? ಔಷಧಿ ಆರಂಭವಾದ ಮೇಲೆ ನಡಿಗೆ ಬಿಗಿಯಾಯಿತೇ, ಕೈ ನಡುಗುತ್ತಿದೆಯೇ, ನುಂಗುವುದು ಕಷ್ಟವಾಯಿತೇ, ಹಗಲಿಡೀ ಮಂಪರಿದೆಯೇ, ಎದ್ದು ನಿಂತಾಗ ರಕ್ತದೊತ್ತಡ ಕುಸಿದು ಬೀಳುತ್ತಿದ್ದಾರೆಯೇ? ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿಯಂತೆ, ನಾಲ್ಕು ವಾರಗಳಲ್ಲಿ ಗುಣ ಕಾಣದಿದ್ದರೆ ಔಷಧಿಯನ್ನು ಕ್ರಮೇಣ ಇಳಿಸಿ ನಿಲ್ಲಿಸಬೇಕು. ಗುಣ ಕಂಡರೂ ಆರಂಭವಾದ ನಾಲ್ಕು ತಿಂಗಳೊಳಗೆ ಇಳಿಸಿ ನೋಡಬೇಕು. 'ಗಲಾಟೆ ಮಾಡಿದರು' ಎಂಬ ಒಂದೇ ಸಾಲಿನ ದಾಖಲೆಯಿಂದ ಇದಾವುದೂ ಸಾಧ್ಯವಿಲ್ಲ.

ಈ ವಿಷಯದಲ್ಲಿ ಜೈನ ಸಮಾಜಕ್ಕೆ ಹೊರಗಿನಿಂದ ಉಪದೇಶ ಬೇಕಿಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದು ಬಂಧವನ್ನು, ಅಂದರೆ ಕಟ್ಟಿಹಾಕುವುದನ್ನು. ಹಗ್ಗದಿಂದ ಕಟ್ಟಿದರೆ ಕಣ್ಣಿಗೆ ಕಾಣುತ್ತದೆ. ಮಾತ್ರೆಯಿಂದ ಕಟ್ಟಿದರೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದು ಬೋಧಿಸುವ ಧರ್ಮವನ್ನು ಪಾಲಿಸುವವರು, ಕೇಳದೆ ಇದ್ದುದನ್ನು ನಿರ್ದೋಷವೆಂದು ಭಾವಿಸಲಾಗದು. ರೋಗಿಗಳ ಸೇವೆಯನ್ನು ವೈಯಾವೃತ್ಯವೆಂದು ಕರೆದು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿದ ಪರಂಪರೆ ಇದು. ಅಂತ್ಯಕಾಲದ ಎಚ್ಚರಕ್ಕೆ ಇಷ್ಟು ಬೆಲೆ ಕೊಡುವ ಸಮಾಜ, ತನ್ನ ಹಿರಿಯರ ಕೊನೆಯ ವರ್ಷಗಳು ಅಕಾರಣ ಮಂಪರಿನಲ್ಲಿ ಕಳೆಯುವುದನ್ನು ಹೇಗೆ ಸಹಿಸೀತು?

ಸರ್ಕಾರದ ಹೊಣೆಯೂ ಇದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದಾರೆ ಎಂಬುದು ಇತ್ತೀಚಿನ ರಾಷ್ಟ್ರೀಯ ಅಧ್ಯಯನದ ಅಂದಾಜು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದು ವೃದ್ಧಾಶ್ರಮದ ಮಾತಾಡುತ್ತದೆ. ಅಲ್ಲಿ ಕೊಡುವ ಇಂಥ ಔಷಧಿಯ ಮೇಲ್ವಿಚಾರಣೆಯ ಬಗ್ಗೆ ಮೌನವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ಹಾಗೂ ಅಡ್ಡಪರಿಣಾಮಗಳ ಮಾಹಿತಿ ಪಡೆಯುವ ಹಕ್ಕನ್ನು ರೋಗಿಗೂ ಆತನ ಪ್ರತಿನಿಧಿಗೂ ನೀಡಿದೆ. ಆದರೆ ವೃದ್ಧರ ವಾಸಗೃಹಗಳ ಹೊಸ್ತಿಲವರೆಗೆ ಆ ಹಕ್ಕನ್ನು ಒಯ್ಯುವವರು ಯಾರು? ಶಿಸ್ತಿಗಾಗಿ ಅಥವಾ ಸಿಬ್ಬಂದಿಯ ಅನುಕೂಲಕ್ಕಾಗಿ ಔಷಧಿಯಿಂದ ಕಟ್ಟಿಹಾಕಕೂಡದೆಂದು ಅಮೆರಿಕ 1987ರಲ್ಲೇ ಕಾನೂನು ಮಾಡಿತು. ಇಲ್ಲಿ ಓಟು ಕೇಳಲು ಬಸದಿಗಳಿಗೆ ಬರುವ ಜನಪ್ರತಿನಿಧಿಗಳ ಮುಂದೆ ಸಮುದಾಯ ಭವನದ ಬೇಡಿಕೆಯೊಡನೆ ಈ ಬೇಡಿಕೆಯನ್ನೂ ಇಡಬೇಕು.

ಅದಕ್ಕೆ ಮೊದಲು ಸಮಾಜ ತಾನೇ ಮಾಡಬಹುದಾದ ಕೆಲಸಗಳಿವೆ. ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ಕೂಡಿಸುವ ಟ್ರಸ್ಟುಗಳು, ಪ್ರತಿ ನಗರದಲ್ಲೂ ಆರೈಕೆ ಗೃಹಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಿಬರುವ ನಾಲ್ಕಾರು ಶ್ರಾವಕ ಶ್ರಾವಿಕೆಯರ ತಂಡವನ್ನು ಕಟ್ಟಲಿ. ಹಿರಿಯರ ಊಟದ ಹೊತ್ತು, ವ್ರತ, ಹಾಸಿಗೆಯಲ್ಲಿ ಕೇಳಬಯಸುವ ಣಮೋಕಾರ ಮಂತ್ರ, ನೋವಾದಾಗ ಆಡುವ ಮಾತು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ದಾದಿಯ ಕೈಗೆ ಕೊಡಲಿ. ಮಕ್ಕಳು ಪ್ರತಿ ಭೇಟಿಯಲ್ಲೂ ಔಷಧಿಯ ಪಟ್ಟಿ ಕೇಳಿ ನೋಡಲಿ. ಈ ಮಾತ್ರೆ ಏಕೆ, ಎಂದಿನವರೆಗೆ ಎಂದು ವೈದ್ಯರನ್ನು ವಿನಯದಿಂದ ವಿಚಾರಿಸಲಿ.

ಎಂಟು ಗಂಟೆಯ ತಟ್ಟೆ ಸಂಜೆ ಐದೂವರೆಗೆ ಬಂದಿದ್ದರೆ, ಆ ಅಜ್ಜಿಗೆ ಬಹುಶಃ ಮಾತ್ರೆಯೇ ಬೇಕಿರಲಿಲ್ಲ.