ಅಂಗವೆಂದರೆ ಅಂಗಿಯಲ್ಲ

ದೇಹವೆಂಬುದು ಒಂದು ಅಂಗಿ, ಅದನ್ನು ತೊಟ್ಟವನು ಬೇರೆ, ಅಂಗಿ ಹರಿದರೆ ತೊಟ್ಟವನಿಗೇನು ನಷ್ಟ ಎಂಬ ಮಾತು ಪ್ರವಚನಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ತುಸು ಇಂಗ್ಲಿಷ್ ಬಲ್ಲ ಪ್ರವಚನಕಾರರು ಅದನ್ನೇ ಕಾಲಕ್ಕೆ ತಕ್ಕಂತೆ ತಿದ್ದಿ, ದೇಹ ಹಾರ್ಡ್‌ವೇರ್, ಮನಸ್ಸು ಸಾಫ್ಟ್‌ವೇರ್ ಎನ್ನುತ್ತಾರೆ. ಇನ್ನು ಕೆಲವರಿಗೆ ದೇಹ ಕಾರು, ಮನಸ್ಸು ಡ್ರೈವರು. ಅಂಗಿಯ ಉಪಮೆ ಭಗವದ್ಗೀತೆಯ ಎರಡನೆಯ ಅಧ್ಯಾಯದ್ದು. ಅಲ್ಲಿನ ಸಂದರ್ಭದಲ್ಲಿ ಅದಕ್ಕೆ ಅದರದೇ ಆದ ಅರ್ಥವಿದೆ. ಅದನ್ನು ಹೇಳಿದ ಮರುಕ್ಷಣವೇ, ಬಸವಾದಿ ಪ್ರಮಥರು ಬೋಧಿಸಿದ್ದೂ ಇದನ್ನೇ ಎಂದು ವಚನಗಳ ಮೇಲೆ ಆ ಮುದ್ರೆಯನ್ನು ಒತ್ತುವುದು ಮಾತ್ರ ಒಪ್ಪತಕ್ಕದ್ದಲ್ಲ. ಶರಣರು ಹಾಗೆ ಬೋಧಿಸಲಿಲ್ಲ. ಷಟ್‌ಸ್ಥಲ ಸಿದ್ಧಾಂತದ ಮೊದಲ ಪಾಠವನ್ನು ಓದಿದವರೂ ಹಾಗೆ ಹೇಳಲಾರರು.

ಈ ಮಾತು ವೇದಿಕೆಯ ಮೇಲೆಯೇ ಉಳಿಯುವಂತಿದ್ದರೆ ಖಂಡನೆಯ ಅಗತ್ಯವಿರುತ್ತಿರಲಿಲ್ಲ. ಅದು ಭಕ್ತರ ಮನೆಗಳನ್ನು ಹೊಗುತ್ತದೆ. ಮಂಡಿನೋವಿನಿಂದ ನರಳುವ ತಾಯಿಗೆ ದೇಹದ ವ್ಯಾಮೋಹ ಬಿಡಬೇಕೆಂಬ ಉಪದೇಶ ದೊರೆಯುತ್ತದೆ. ತಿಂಗಳುಗಟ್ಟಲೆ ನಿದ್ರೆಯಿಲ್ಲದೆ, ಊಟ ಸೇರದೆ, ಯಾರೊಡನೆಯೂ ಮಾತನಾಡದೆ ಮೂಲೆ ಹಿಡಿದ ಮಗನಿಗೆ, ರೋಗವಿರುವುದು ದೇಹಕ್ಕೆ ಮಾತ್ರ, ಮನಸ್ಸಿಗೆಲ್ಲಿಯ ರೋಗ, ಭಕ್ತಿ ಸಾಲದಾಗಿದೆ ಎಂಬ ತೀರ್ಪು ದೊರೆಯುತ್ತದೆ. ಒಂದು ತಪ್ಪು ತತ್ತ್ವದಿಂದ ಎರಡು ಬಗೆಯ ನಿರ್ದಯತೆ ಹುಟ್ಟಿದೆ.

ಕಾರು ಮತ್ತು ಡ್ರೈವರಿನ ಉಪಮೆಯನ್ನು ಕಠೋಪನಿಷತ್ತಿನ ರಥದಿಂದ ಪಡೆದೆವೆನ್ನುವವರು ಆ ಉಪನಿಷತ್ತನ್ನಾದರೂ ತೆರೆದು ನೋಡಬೇಕು. ಅಲ್ಲಿ ಮನಸ್ಸು ಸಾರಥಿಯಲ್ಲ. ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು, ಶರೀರ ರಥ, ಆತ್ಮನು ರಥಿಕ. ಲಗಾಮು ರಥದ ಕಡೆಗೆ ಸೇರಿದ ವಸ್ತುವೇ ಹೊರತು ರಥಿಕನ ಕಡೆಗಲ್ಲ. ಸಾಂಖ್ಯರೂ ಮನಸ್ಸನ್ನು ಪ್ರಕೃತಿಯ ವಿಕಾರಗಳಲ್ಲಿ ಎಣಿಸಿದರೇ ವಿನಾ ಪುರುಷನಲ್ಲಿ ಎಣಿಸಲಿಲ್ಲ. ಹಾಗಾದರೆ ಮನಸ್ಸನ್ನು ಒಂದು ದಡದಲ್ಲಿ, ದೇಹವನ್ನು ಇನ್ನೊಂದು ದಡದಲ್ಲಿ ನಿಲ್ಲಿಸಿ ನಡುವೆ ಹೊಳೆ ಹರಿಸುವ ಈ ರೂಢಿ ಎಲ್ಲಿಂದ ಬಂದಿತು?

ಅದರ ಸ್ಪಷ್ಟವಾದ ರೂಪ ದೊರೆಯುವುದು 17ನೆಯ ಶತಮಾನದ ಯುರೋಪಿನಲ್ಲಿ. ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ‘ಧ್ಯಾನಗಳು’ ಎಂಬ ಲ್ಯಾಟಿನ್ ಗ್ರಂಥದಲ್ಲಿ ಜಗತ್ತಿನ ಸೃಷ್ಟ ವಸ್ತುಗಳನ್ನು ಎರಡಾಗಿ ಸೀಳಿದನು. ಚಿಂತಿಸುವುದು ಮನಸ್ಸಿನ ಸ್ವರೂಪ. ಅದಕ್ಕೆ ಉದ್ದಗಲಗಳಿಲ್ಲ, ಸ್ಥಳವಿಲ್ಲ. ಸ್ಥಳವನ್ನು ವ್ಯಾಪಿಸುವುದು ದೇಹದ ಸ್ವರೂಪ, ಅದಕ್ಕೆ ಚಿಂತನೆಯಿಲ್ಲ. ಒಂದರಲ್ಲಿರುವ ಯಾವ ಗುಣವೂ ಇನ್ನೊಂದರಲ್ಲಿಲ್ಲ. ಆತ್ಮಕ್ಕೂ ಮನಸ್ಸಿಗೂ ಅವನು ಭೇದ ಮಾಡಲಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಎರಡು ವರ್ಷಗಳಲ್ಲಿಯೇ ಅವನಿಗೆ ಒಂದು ಪ್ರಶ್ನೆ ಎದುರಾಯಿತು. ಕೇಳಿದವರು ಯಾವ ವಿದ್ಯಾಪೀಠದ ಪಂಡಿತರೂ ಅಲ್ಲ. ತಂದೆ ಬೊಹೀಮಿಯದ ಸಿಂಹಾಸನವನ್ನು ಕಳೆದುಕೊಂಡ ಮೇಲೆ ಹಾಲೆಂಡಿನ ಹೇಗ್ ನಗರದಲ್ಲಿ ಕುಟುಂಬದೊಡನೆ ಆಶ್ರಯ ಪಡೆದಿದ್ದ ರಾಜಕುಮಾರಿ ಎಲಿಜಬೆತ್. 1643ರ ಮೇ ತಿಂಗಳಲ್ಲಿ ಆಕೆ ಬರೆದ ಪತ್ರದ ತಾತ್ಪರ್ಯ ಇಷ್ಟು: ಒಂದು ವಸ್ತು ಇನ್ನೊಂದನ್ನು ಚಲಿಸುವಂತೆ ಮಾಡಬೇಕಾದರೆ ಅದನ್ನು ನೂಕಬೇಕು, ನೂಕಲು ಸ್ಪರ್ಶ ಬೇಕು, ಸ್ಪರ್ಶಕ್ಕೆ ವಿಸ್ತಾರ ಬೇಕು. ಮನಸ್ಸಿಗೆ ವಿಸ್ತಾರವೇ ಇಲ್ಲವೆಂದ ಮೇಲೆ ಅದು ಕೈಯನ್ನು ಎತ್ತುವುದು ಹೇಗೆ? ಆಗ ಆಕೆಗೆ 24 ವರ್ಷ. ಡೆಕಾರ್ಟ್ ಉತ್ತರಿಸಿದನು, ಆದರೆ ಉತ್ತರ ಸುತ್ತಿ ಬಳಸಿತ್ತು. ಕಲ್ಲಿನ ಭಾರವು ಕಲ್ಲನ್ನು ಕೆಳಗೆಳೆಯುವಾಗ ಯಾವುದೋ ಮೇಲ್ಮೈ ಇನ್ನೊಂದನ್ನು ನೂಕುತ್ತದೆಂದು ಯಾರೂ ಭಾವಿಸುವುದಿಲ್ಲ, ಮನಸ್ಸಿನ ಬಲವನ್ನೂ ಹಾಗೆಯೇ ಗ್ರಹಿಸಬೇಕು ಎಂದನು. ಆ ಬಗೆಯ ಭಾರದ ಕಲ್ಪನೆಯನ್ನು ಭೌತಶಾಸ್ತ್ರದಿಂದ ಹೊರಗಟ್ಟಿದವನು ತಾನೇ! ಎಲಿಜಬೆತ್ ಬಿಡಲಿಲ್ಲ. ಜೂನ್ ತಿಂಗಳ ಪತ್ರದಲ್ಲಿ, ಜಡವಲ್ಲದ್ದು ಜಡವನ್ನು ಚಲಿಸುತ್ತದೆಂದು ಒಪ್ಪುವುದಕ್ಕಿಂತ ಮನಸ್ಸಿಗೇ ವಿಸ್ತಾರವಿದೆಯೆಂದು ಒಪ್ಪುವುದು ತನಗೆ ಸುಲಭವೆಂದಳು. ದೇಹವಿಲ್ಲದೆಯೂ ಇರಬಲ್ಲ ಆತ್ಮವು ದೇಹದಲ್ಲಿನ ಕೆಲವು ಆವಿಗಳ ದೆಸೆಯಿಂದ ತನ್ನ ವಿವೇಕವನ್ನೆಲ್ಲ ಕಳೆದುಕೊಳ್ಳುವುದೇಕೆ ಎಂದೂ ಕೇಳಿದಳು. ಕೊನೆಗೆ ಡೆಕಾರ್ಟ್ ಹೇಳಿದ್ದು, ದೇಹ ಮತ್ತು ಆತ್ಮಗಳ ಐಕ್ಯವು ತತ್ತ್ವಚಿಂತನೆಯಿಂದ ತಿಳಿಯುವಂಥದ್ದಲ್ಲ, ನಿತ್ಯದ ಬದುಕಿನಿಂದ ತಿಳಿಯುವಂಥದ್ದು ಎಂದು. ಅನುಭಾವದ ಪರಂಪರೆಯವರಿಗೆ ಈ ಮಾತು ಹಿಡಿಸಬಹುದು. ಆದರೆ ಆ ಐಕ್ಯವನ್ನು ತನ್ನ ತತ್ತ್ವದಲ್ಲಿ ತಾನೇ ಮುರಿದು, ಬದುಕಿನಲ್ಲಿ ಕೂಡಿಸಿಕೊಳ್ಳಿರೆಂದು ಓದುಗರಿಗೆ ಬಿಟ್ಟದ್ದು ಸರಿಯೇ?

ಅವನಿಗೂ ನ್ಯಾಯ ಸಲ್ಲಬೇಕು. ನಾವಿಕನು ಹಡಗಿನಲ್ಲಿರುವಂತೆ ತಾನು ದೇಹದಲ್ಲಿಲ್ಲ, ಅದರೊಡನೆ ಬೆರೆತಿದ್ದೇನೆ ಎಂದು ಡೆಕಾರ್ಟ್ ಅದೇ ಗ್ರಂಥದ ಆರನೆಯ ಧ್ಯಾನದಲ್ಲಿ ಬರೆದಿದ್ದಾನೆ. ಕಾರು ಮತ್ತು ಡ್ರೈವರಿನ ಉಪಮೆ ಹೇಳುವವರು ಈ ವಿಷಯದಲ್ಲಿ ದ್ವೈತದ ಆ ಆಚಾರ್ಯನಿಗಿಂತಲೂ ಹಿಂದುಳಿದಿದ್ದಾರೆ. ಮುಂದೆ 1649ರ ಕೃತಿಯೊಂದರಲ್ಲಿ ಅವನು ಮಿದುಳಿನ ನಡುವಣ ಪೀನಿಯಲ್ ಗ್ರಂಥಿಯನ್ನು ಆತ್ಮದ ಮುಖ್ಯ ಪೀಠವೆಂದು ತೋರಿಸಿದನು. ಗ್ರಂಥಿಯೂ ದೇಹವೇ ಆದ್ದರಿಂದ ಪ್ರಶ್ನೆ ಇದ್ದಲ್ಲಿಯೇ ಇದ್ದಿತು. ಅವನ ತರುವಾಯ ಮಾಲ್ಬ್ರಾಂಷ್, ಮನಸ್ಸು ಬಯಸಿದಾಗಲೆಲ್ಲ ದೇವರೇ ಕೈಯನ್ನು ಎತ್ತುತ್ತಾನೆ ಎಂದನು. ಲೈಬ್ನಿಟ್ಸ್, ಎರಡೂ ಒಂದನ್ನೊಂದು ಮುಟ್ಟದೆ ಸರಿಹೊಂದಿಸಿಟ್ಟ ಎರಡು ಗಡಿಯಾರಗಳಂತೆ ನಡೆಯುತ್ತವೆ ಎಂದನು. ಒಂದೇ ಬಟ್ಟೆಯನ್ನು ಯಾವ ಎಳೆಯೂ ಉಳಿಯದಂತೆ ಹರಿದ ಮೇಲೆ ಸೂಜಿಗಾಗಿ ನಡೆದ ಹುಡುಕಾಟವಿದು.

ಈಗ ಷಟ್‌ಸ್ಥಲದ ಕಡೆಗೆ ಬರಬೇಕು. ವಚನಗಳಲ್ಲಿ ‘ಅಂಗ’ ಎಂಬ ಶಬ್ದ ಬಂದೊಡನೆ ಅದಕ್ಕೆ ದೇಹವೆಂದೂ, ‘ಲಿಂಗ’ ಎಂಬುದಕ್ಕೆ ಆತ್ಮವೆಂದೂ ಅರ್ಥ ಬರೆದುಕೊಳ್ಳುವುದರಲ್ಲಿಯೇ ತಪ್ಪಿನ ಬೀಜವಿದೆ. ಸಿದ್ಧಾಂತದಲ್ಲಿ ಅಂಗವೆಂದರೆ ಉಪಾಸಕನಾದ ಜೀವ. ಅದು ತ್ಯಾಗಾಂಗ, ಭೋಗಾಂಗ, ಯೋಗಾಂಗವೆಂದು ಮೂರು ಬಗೆ. ಸ್ಥೂಲ, ಸೂಕ್ಷ್ಮ, ಕಾರಣವೆಂಬ ಮೂರು ತನುಗಳಿಗೆ ಕ್ರಮವಾಗಿ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳು. ಅವುಗಳ ಸಂಬಂಧಕ್ಕೆ ಕ್ರಿಯಾ, ಮಂತ್ರ, ವೇಧಾ ಎಂಬ ಮೂರು ದೀಕ್ಷೆಗಳು. ಕಣ್ಣಿಗೆ ಕಾಣುವ ಶರೀರ ಒಂದು ತನು. ಮನಸ್ಸು ಪ್ರಾಣಗಳುಳ್ಳ ಸೂಕ್ಷ್ಮವೂ ಒಂದು ತನು. ದೀಕ್ಷೆ ಎರಡಕ್ಕೂ ಬೇಕು. ಮನಸ್ಸು ತಾನಾಗಿಯೇ ಪವಿತ್ರ, ದೇಹ ಮಾತ್ರ ಮಲಿನ ಎಂಬ ವಿಭಾಗಕ್ಕೆ ಇಲ್ಲಿ ಎಡೆಯೇ ಇಲ್ಲ.

ಇನ್ನೂ ಸೂಕ್ಷ್ಮವಾದ ಸಾಕ್ಷ್ಯವಿರುವುದು ಅರ್ಪಣದ ಕ್ರಮದಲ್ಲಿ. ಭಕ್ತಸ್ಥಲದಲ್ಲಿ ಪೃಥ್ವಿಯೇ ಅಂಗ. ಅಲ್ಲಿ ಸುಚಿತ್ತವೆಂಬ ಹಸ್ತದಿಂದ, ಘ್ರಾಣವೆಂಬ ಮುಖದಲ್ಲಿ, ಗಂಧವೆಂಬ ಪದಾರ್ಥವನ್ನು ಆಚಾರಲಿಂಗಕ್ಕೆ ಅರ್ಪಿಸಬೇಕು. ಮಹೇಶಸ್ಥಲದಲ್ಲಿ ಅಪ್ಪು ಅಂಗ, ಸುಬುದ್ಧಿ ಹಸ್ತ, ಜಿಹ್ವೆ ಮುಖ, ರುಚಿ ಪದಾರ್ಥ, ಗುರುಲಿಂಗ. ಹೀಗೆಯೇ ಪ್ರಸಾದಿಗೆ ನಿರಹಂಕಾರ, ಪ್ರಾಣಲಿಂಗಿಗೆ ಸುಮನ, ಶರಣನಿಗೆ ಸುಜ್ಞಾನ, ಐಕ್ಯನಿಗೆ ಸದ್ಭಾವಗಳು ಹಸ್ತಗಳು. ಭಕ್ತರು ಬಾಲ್ಯದಿಂದ ಕೇಳುತ್ತ ಬಂದಿರುವ ಪಟ್ಟಿ ಇದಾದ್ದರಿಂದಲೇ ಇದರ ಮಹತ್ತ್ವ ಅನೇಕರ ಗಮನಕ್ಕೆ ಬಾರದೆ ಹೋಗಿದೆ. ಚಿತ್ತ, ಬುದ್ಧಿ, ಅಹಂಕಾರ, ಮನಸ್ಸುಗಳೆಂಬ ಅಂತಃಕರಣಗಳನ್ನು ಇಲ್ಲಿ ‘ಕೈ’ ಎಂದು ಕರೆಯಲಾಗಿದೆ! ಮೂಗು, ನಾಲಗೆ, ಕಣ್ಣುಗಳೆಂಬ ದೇಹದ ಭಾಗಗಳನ್ನು ಲಿಂಗದ ಮುಖವೆಂದು ಕರೆಯಲಾಗಿದೆ. ಮನಸ್ಸಿಗೆ ದೇಹದ ಹೆಸರು, ದೇಹಕ್ಕೆ ದೈವದ ಸ್ಥಾನ. ಚಿತ್ತವು ಮೂಗನ್ನು ಮುಟ್ಟುವುದು ಹೇಗೆ ಎಂಬ ಎಲಿಜಬೆತ್ತಳ ಪ್ರಶ್ನೆ ಇಲ್ಲಿ ಹುಟ್ಟುವುದಿಲ್ಲ, ಏಕೆಂದರೆ ಪೃಥ್ವಿಯಿಂದ ಸದ್ಭಾವದವರೆಗೆ ಎಲ್ಲಿಯೂ ಎಳೆ ಕಡಿದಿಲ್ಲ. ಬೆಂಕಿಯಿಂದ ಉಷ್ಣವನ್ನು ಬೇರ್ಪಡಿಸಲಾಗದಂತೆ ಶಿವನಿಂದ ಶಕ್ತಿಯನ್ನು ಬೇರ್ಪಡಿಸಲಾಗದೆಂಬ ಶಕ್ತಿವಿಶಿಷ್ಟಾದ್ವೈತದ ನಿಲುವು ಇದರ ಬೆನ್ನಿಗಿದೆ.

ಇದು ಪ್ರಶ್ನೆಯಿಂದ ನುಣುಚಿಕೊಳ್ಳುವ ಜಾಣತನವಲ್ಲವೇ, ಒಂದೇ ಎಂದು ಹೇಳಿಬಿಟ್ಟರೆ ಮುಳ್ಳು ಚುಚ್ಚಿದಾಗ ನೋವು ಹೇಗೆ ಉಂಟಾಗುತ್ತದೆಂಬುದು ತಿಳಿದಂತಾಯಿತೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ಸಾಧುವಾದುದು. ಮುಳ್ಳಿನಿಂದ ಮಿದುಳಿನವರೆಗಿನ ನರಗಳ ದಾರಿಯನ್ನು ವೈದ್ಯಶಾಸ್ತ್ರವೇ ತಿಳಿಸಬೇಕು. ಶರಣರು ಅದನ್ನು ವಿವರಿಸಲು ಹೊರಟವರಲ್ಲ. ವಚನಗಳಲ್ಲಿ ನರವಿಜ್ಞಾನವಿದೆ, ಕ್ವಾಂಟಂ ಸಿದ್ಧಾಂತವಿದೆ ಎಂದು ಕೊಂಡಾಡುವವರೂ ದ್ವೈತಿಗಳಷ್ಟೇ ಅಪಚಾರ ಮಾಡುತ್ತಾರೆ. ಸಿದ್ಧಾಂತ ಹೇಳುವುದು ಇಷ್ಟೇ: ದಾರಿಯನ್ನು ಹುಡುಕುವ ಮೊದಲೇ, ಅಲ್ಲಿ ದಾರಿಯೇ ಇರಲಾರದೆಂಬಂತೆ ಮನಸ್ಸನ್ನೂ ದೇಹವನ್ನೂ ವ್ಯಾಖ್ಯಾನಿಸಬಾರದು.

ನಿತ್ಯದ ಆಚರಣೆಯೂ ಇದನ್ನೇ ಹೇಳುತ್ತದೆ. ದೇಹವು ಅಂಗಿಯಾಗಿದ್ದರೆ ಇಷ್ಟಲಿಂಗವನ್ನು ಅಂಗೈಯ ಮೇಲೆ ಏಕೆ ಇಡಬೇಕು? ಕಲ್ಪನೆಯಲ್ಲಿಯೇ ಇರಿಸಿಕೊಂಡರೆ ಸಾಲದೇ? ಎಡಗೈಯ ಕರಸ್ಥಲದಲ್ಲಿ ಲಿಂಗದ ತೂಕವಿದೆ, ತಂಪಿದೆ; ಅದರ ಕಪ್ಪು ಕಂಥೆಯ ಮೇಲೆ ದೃಷ್ಟಿ ನಿಂತಾಗ ಉಸಿರು ನಿಧಾನವಾಗುತ್ತದೆ, ಉಸಿರಿನೊಡನೆ ಮನಸ್ಸು ನಿಲ್ಲುತ್ತದೆ. ಇವುಗಳಲ್ಲಿ ದೇಹದ ಕೆಲಸ ಎಲ್ಲಿ ಮುಗಿದು ಮನಸ್ಸಿನ ಕೆಲಸ ಎಲ್ಲಿ ಆರಂಭವಾಯಿತೆಂದು ಶಿವಯೋಗದಲ್ಲಿ ಕುಳಿತವರು ಗೆರೆ ಎಳೆದು ತೋರಿಸಲಿ. ಬಸವಣ್ಣನವರು ತಮ್ಮ ಶರೀರವನ್ನೇ ದೇವಾಲಯವೆಂದು ಕಂಡ ವಚನವನ್ನು ಅಂಗಿಯ ಪ್ರವಚನಕಾರರೂ ಹಾಡಿಸುತ್ತಾರೆ, ಹಾಡು ಮುಗಿದ ಮೇಲೆ ಮತ್ತೆ ಅಂಗಿಗೇ ಮರಳುತ್ತಾರೆ. ಲಿಂಗೈಕ್ಯರಾದವರನ್ನು ವಿಭೂತಿ ಧರಿಸಿ, ಕರದಲ್ಲಿ ಲಿಂಗವಿರಿಸಿ, ಕುಳಿತ ಭಂಗಿಯಲ್ಲಿಯೇ ಸಮಾಧಿ ಮಾಡುವ ಸಮಾಜವಿದು. ಹರಿದ ಅಂಗಿಗೆ ಯಾರೂ ಇಷ್ಟು ಗೌರವ ಸಲ್ಲಿಸುವುದಿಲ್ಲ.

ಆದರೂ ದೇಹವನ್ನು ಹಳಿಯುವ ವಚನಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ, ಮುಚ್ಚಿಡಬೇಕಾಗಿಲ್ಲ. ಅಕ್ಕಮಹಾದೇವಿಯವರಲ್ಲಿ ಅಂಥವು ತೀವ್ರವಾಗಿವೆ. ಆದರೆ ಮನಸ್ಸನ್ನು ಹಳಿಯುವ ವಚನಗಳೂ ಅಷ್ಟೇ ತೀವ್ರವಾಗಿವೆ. ಬಸವಣ್ಣನವರು ಅದನ್ನು ಕೋತಿಗೆ ಹೋಲಿಸಿದ್ದು ಮಕ್ಕಳಿಗೂ ಗೊತ್ತು. ಎರಡನ್ನೂ ಒಂದೇ ಕೋಲಿನಿಂದ ಹೊಡೆದವರು ಒಂದನ್ನು ಮೇಲೆ, ಒಂದನ್ನು ಕೆಳಗೆ ಇಟ್ಟರೆಂದು ಹೇಳುವುದು ಹೇಗೆ? ಲಿಂಗಕ್ಕೆ ಸಲ್ಲದ ದೇಹ, ಲಿಂಗಕ್ಕೆ ಸಲ್ಲದ ಮನಸ್ಸು, ಇವೆರಡೂ ಅಲ್ಲಿ ನಿಂದೆಗೆ ಗುರಿ. ಲಿಂಗಕ್ಕೆ ಸಂದ ದೇಹವನ್ನು ಶರಣರು ಪ್ರಸಾದಕಾಯವೆಂದು ಕರೆದರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು, ಎಲ್ಲವನ್ನೂ ತೊರೆದ ಮೇಲೆ ಕೂದಲಿನ ಮರೆಯೇಕೆ ಎಂದು ಅಕ್ಕನನ್ನು ಪರೀಕ್ಷಿಸಿದಾಗ ಆಕೆ ತಂದದ್ದು ಹಣ್ಣಿನ ದೃಷ್ಟಾಂತವನ್ನು. ಒಳಗಿನ ಪಕ್ವತೆಗೂ ಹೊರಗಿನ ಸಿಪ್ಪೆಗೂ ಸಂಬಂಧವಿದೆಯೆಂಬುದು ಆ ದೃಷ್ಟಾಂತದ ಜೀವ. ಅಂಗಿಯೊಳಗಿನ ಮನುಷ್ಯ ಮಾಗಿದರೆ ಅಂಗಿಯ ಬಣ್ಣ ಬದಲಾಗುವುದಿಲ್ಲ, ಹಣ್ಣಿನಲ್ಲಿ ಬದಲಾಗುತ್ತದೆ.

ಹಾಗೆಂದು ದೇಹವೇ ಸರ್ವಸ್ವವೆಂಬ ಎದುರು ತುದಿಗೆ ಹೋಗುವುದೂ ಸಲ್ಲದು. ಅದೇ ಶೂನ್ಯಸಂಪಾದನೆಯಲ್ಲಿ ಗೋರಕ್ಷನು ತನ್ನ ಕಾಯವನ್ನು ವಜ್ರದಂತೆ ಗಟ್ಟಿಮಾಡಿಕೊಂಡು ಖಡ್ಗದ ಪೆಟ್ಟಿಗೆ ಖಣಿಲೆಂಬ ಸದ್ದು ಬರುವುದನ್ನು ಪ್ರದರ್ಶಿಸಿದಾಗ ಪ್ರಭುಗಳು ಮೆಚ್ಚಲಿಲ್ಲ. ಮಿದುಳಿನ ರಾಸಾಯನಿಕಗಳನ್ನು ಸರಿಪಡಿಸಿದರೆ ಮನುಷ್ಯನೇ ಸರಿಹೋದನೆನ್ನುವವರು ಗೋರಕ್ಷನ ಸಾಲಿಗೆ ಸೇರುತ್ತಾರೆ.

ಎಲಿಜಬೆತ್ತಳ ಪತ್ರಗಳಲ್ಲಿ ಇನ್ನೊಂದು ಸಂಗತಿಯಿದೆ. 1645ರಲ್ಲಿ ಆಕೆಗೆ ವಾರಗಟ್ಟಲೆ ಸಣ್ಣ ಜ್ವರ, ಒಣಕೆಮ್ಮು. ಅದಕ್ಕೆ ದುಃಖವೇ ಕಾರಣವಿರಬೇಕೆಂದು ಡೆಕಾರ್ಟ್ ಬರೆದನು. ಮನಸ್ಸೂ ದೇಹವೂ ಬೇರೆ ಬೇರೆ ಎಂದವನೇ ಹಾಗೆ ಬರೆಯಬೇಕಾಯಿತು. ಮನಸ್ಸನ್ನು ವಿವೇಕದಿಂದ ಸ್ಥಿರಗೊಳಿಸಿಕೊಂಡರೆ ಸಂತೋಷ ದೊರೆಯುತ್ತದೆ ಎಂಬ ಅವನ ಹಿತವಚನಕ್ಕೆ ಆಕೆ ಆಗಸ್ಟ್ ತಿಂಗಳಲ್ಲಿ ಕೊಟ್ಟ ಉತ್ತರ ಮರೆಯತಕ್ಕದ್ದಲ್ಲ: ವಿವೇಚಿಸುವ ಶಕ್ತಿಯನ್ನೇ ಕಸಿದುಕೊಳ್ಳುವ ರೋಗಗಳೂ ಇವೆ. ಮೂಲೆ ಹಿಡಿದ ಮಗನಿಗೆ ಮನಸ್ಸು ಗಟ್ಟಿಮಾಡಿಕೋ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಗಟ್ಟಿಮಾಡಿಕೊಳ್ಳಬೇಕಾದ ಮನಸ್ಸಿಗೇ ರೋಗ ತಗುಲಿದೆ. ಕಾಲು ಮುರಿದವನಿಗೆ ನಡೆದುಕೊಂಡು ಹೋಗಿ ಕಾಲು ಕಟ್ಟಿಸಿಕೊಂಡು ಬಾ ಎಂದಂತೆ ಅದು.

ಇಂಥ ಮನೆಗಳಲ್ಲಿ ವೈದ್ಯರು ಕೊಟ್ಟ ಗುಳಿಗೆಯನ್ನು ನಿಲ್ಲಿಸಿ ಜಪವನ್ನು ಹೆಚ್ಚಿಸಲು ಹೇಳುವ ಪ್ರವಚನಕಾರರು ಲಿಂಗಾಯತ ಧರ್ಮದ ಒಂದು ಸಾಮಾನ್ಯ ನಿಯಮವನ್ನೇ ಮರೆತಿದ್ದಾರೆ. ಲಿಂಗಕ್ಕೆ ಅರ್ಪಿಸದೆ ಭಕ್ತನು ಏನನ್ನೂ ಸ್ವೀಕರಿಸುವುದಿಲ್ಲ. ಅರ್ಪಿಸಿದ ಮೇಲೆ ಅದು ಪದಾರ್ಥವಾಗಿ ಉಳಿಯುವುದಿಲ್ಲ, ಪ್ರಸಾದವಾಗುತ್ತದೆ. ಅನ್ನಕ್ಕೂ ನೀರಿಗೂ ಸಲ್ಲುವ ಈ ನಿಯಮ ಗುಳಿಗೆಗೆ ಸಲ್ಲದೆಂದು ಯಾವ ವಚನದಲ್ಲಿದೆ, ತೋರಿಸಲಿ. ಆ ಮಗನು ಬೆಳಗಿನ ಪೂಜೆಯಲ್ಲಿ ಗುಳಿಗೆಯನ್ನು ಲಿಂಗಕ್ಕೆ ತೋರಿ ನುಂಗಿದರೆ ಅವನ ಜಪಕ್ಕೆ ಯಾವ ಭಂಗವೂ ಬಾರದು, ಮತ್ತು ಆ ತಾಯಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ಪೂಜೆಗೆ ಕುಳಿತರೆ ಆಕೆಯ ಭಕ್ತಿಗೆ ಕುಂದು ಬಾರದು.