ಪ್ರವೇಶ ಪರೀಕ್ಷೆಯೂ ನಿತ್ಯಾಧ್ಯಯನದ ಕಾಲಮಾನವೂ

ವೈದ್ಯಕೀಯ ಶಿಕ್ಷಣವನ್ನು ಬಯಸುವ ವಿದ್ಯಾರ್ಥಿಯು ದಿನಕ್ಕೆ ಎಷ್ಟು ಗಂಟೆ ಓದಬೇಕು? ಈ ಪ್ರಶ್ನೆಯನ್ನು ಕೇಳದ ತಂದೆತಾಯಿಗಳು ಇಂದು ವಿರಳ. ಉತ್ತರ ಹೇಳದ ಸಂಸ್ಥೆಗಳು ಇನ್ನೂ ವಿರಳ. ಹನ್ನೆರಡು ಗಂಟೆ ಎನ್ನುವವರುಂಟು, ಹದಿನಾಲ್ಕು ಎನ್ನುವವರೂ ಉಂಟು. ಗಂಟೆಗಳ ಸಂಖ್ಯೆಯೇ ಹಿರಿಮೆಗೆ ಪ್ರಮಾಣವೆಂಬಂತೆ ಅದನ್ನು ಜಾಹೀರಾತಿನ ಫಲಕಗಳಲ್ಲಿ ಬರೆಯಿಸುವುದೂ ಉಂಟು. ಪ್ರಸಾದ ನಿಲಯಗಳನ್ನು ನಡೆಸುವ ವಿದ್ಯಾಸಂಸ್ಥೆಗಳು ಈ ಸ್ಪರ್ಧೆಗೆ ಇಳಿಯುವ ಮುನ್ನ ಪ್ರಶ್ನೆಯ ಸ್ವರೂಪವನ್ನೇ ವಿಚಾರಿಸುವುದು ಉಚಿತ.

ಪರೀಕ್ಷೆಯು ಕಠಿನವೆಂಬುದರಲ್ಲಿ ಸಂಶಯವಿಲ್ಲ. 2025ರ ಮೇ 4ರಂದು ನಡೆದ ನೀಟ್ ಪರೀಕ್ಷೆಯನ್ನು ದೇಶಾದ್ಯಂತ 22 ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ಬರೆದರು. ಅವರ ಮುಂದಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷವನ್ನು ಮೀರಿದ್ದವು. ಮಧ್ಯಾಹ್ನ 2 ಗಂಟೆಯಿಂದ 5 ಗಂಟೆಯವರೆಗಿನ 180 ನಿಮಿಷಗಳಲ್ಲಿ 180 ಪ್ರಶ್ನೆಗಳು. ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪಿಗೆ ಒಂದು ಅಂಕ ಕಡಿತ. ಇಂತಹ ಪರೀಕ್ಷೆಯಲ್ಲಿ ಸೋಲುವವನು ಓದದವನು ಮಾತ್ರವಲ್ಲ. ಓದಿದ್ದು ವೇಳೆಗೆ ಒದಗದವನೂ, ಅರೆನೆನಪಿನಿಂದ ತಪ್ಪು ಗುರುತಿಸಿದವನೂ ಸೋಲುತ್ತಾನೆ. ಆದ್ದರಿಂದ ಎಷ್ಟು ಹೊತ್ತು ಪುಸ್ತಕ ತೆರೆದಿತ್ತು ಎಂಬುದಕ್ಕಿಂತ, ಮುಚ್ಚಿದ ಮೇಲೆ ಎಷ್ಟು ಉಳಿಯಿತು ಎಂಬುದೇ ಮುಖ್ಯವಾದ ಅಳತೆ.

ಹೊಸದಾಗಿ ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಅತ್ಯಂತ ವೇಗವಾಗಿ ಮರೆತುಹೋಗುತ್ತದೆಂದು ಜರ್ಮನಿಯ ಎಬಿಂಗ್‌ಹಾಸ್ ಎಂಬ ವಿದ್ವಾಂಸನು 1885ರಷ್ಟು ಹಿಂದೆಯೇ ತನ್ನ ಮೇಲೆ ತಾನೇ ಪ್ರಯೋಗ ನಡೆಸಿ ತೋರಿಸಿದನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಮತ್ತೊಂದು ಸಂಗತಿಯನ್ನು ಸ್ಥಾಪಿಸಿದರು. ಪಾಠವನ್ನು ಮರಳಿ ಮರಳಿ ಓದಿದವರು ಐದು ನಿಮಿಷಗಳ ಬಳಿಕ ಮುಂದಿದ್ದರು. ಆದರೆ ಒಂದು ವಾರ ಕಳೆದ ಮೇಲೆ, ಪಾಠವನ್ನು ಬದಿಗಿಟ್ಟು ನೆನಪಿನಿಂದ ಬರೆದು ನೋಡಿದ್ದವರೇ ಮುಂದಾದರು. ಹದಿನಾಲ್ಕು ಗಂಟೆಯ ಓದಿನಲ್ಲಿ ಬಹುಪಾಲು ಈ ಮರುವಾಚನವೇ ಆಗಿರುತ್ತದೆ. ಅದು ಕಣ್ಣಿಗೆ ಶ್ರಮ, ಮನಸ್ಸಿಗೆ ಸಮಾಧಾನ. ಬುದ್ಧಿಗೆ ಮಾತ್ರ ಅಲ್ಪಲಾಭ.

ಹಳೆಯ ಪಾಠಶಾಲೆಗಳಿಗೆ ಈ ಮರ್ಮ ತಿಳಿಯದಿರಲಿಲ್ಲ. ಶ್ರವಣವಾದ ಮೇಲೆ ಮನನ, ಹಿಂದಿನ ದಿನದ ಪಾಠವನ್ನು ಒಪ್ಪಿಸದೆ ಹೊಸ ಪಾಠವಿಲ್ಲ ಎಂಬುದು ಅಲ್ಲಿಯ ಕಟ್ಟಳೆ. ಪ್ರತಿಪದೆ, ಅಷ್ಟಮಿ, ಚತುರ್ದಶಿಗಳು ಅನಧ್ಯಯನದ ತಿಥಿಗಳು. ಅಂದು ಹೊಸ ಪಾಠವೇ ಇಲ್ಲ. ವಿದ್ಯೆಯಲ್ಲಿ ಒಂದು ಪಾದ ಗುರುವಿನಿಂದ, ಒಂದು ಸ್ವಬುದ್ಧಿಯಿಂದ, ಒಂದು ಸಹಪಾಠಿಗಳಿಂದ, ಉಳಿದ ಒಂದು ಕಾಲಕ್ರಮದಿಂದ ಬರುತ್ತದೆಂದು ಪ್ರಾಚೀನರು ಹಂಚಿಟ್ಟರು. ಕಾಲಕ್ರಮದ ಪಾದವನ್ನು ಅವಸರದಿಂದ ಗಳಿಸಲಾಗದು. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ವಿಧಿಯನ್ನು ಇಂದು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಆ ವಿಧಿಯನ್ನು ಪಾಲಿಸಿದವರು ಇರುಳು ಬೇಗನೆ ದೀಪ ಆರಿಸುತ್ತಿದ್ದರೆಂಬುದನ್ನು ಮರೆಯುತ್ತಾರೆ. ಹನ್ನೆರಡರವರೆಗೆ ಓದಿಸಿ ನಾಲ್ಕಕ್ಕೆ ಎಬ್ಬಿಸುವುದು ಸಂಪ್ರದಾಯವಲ್ಲ, ಸಂಪ್ರದಾಯದ ಅರ್ಧವನ್ನು ಮಾತ್ರ ಹಿಡಿದ ಹಟ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು 2016ರಲ್ಲಿ ಹೇಳಿದೆ. ಕಲಿತದ್ದು ನೆಲೆಗೊಳ್ಳುವುದಕ್ಕೂ ನಿದ್ರೆಯೇ ಆಧಾರ.

ಇನ್ನು ಲೆಕ್ಕಕ್ಕೆ ಬರೋಣ. ದಿನದ 24 ಗಂಟೆಗಳಲ್ಲಿ ನಿದ್ರೆಗೆ 8, ಕಾಲೇಜಿಗೆ 7, ಸ್ನಾನ, ಊಟ, ಆಟ, ವಿಶ್ರಾಂತಿಗಳಿಗೆ 4 ಕಳೆದರೆ ಉಳಿಯುವುದು 5. ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಯ ಸ್ವಾಧ್ಯಯನಕ್ಕೆ ಈ ಐದೇ ಗಂಟೆಗಳು ಯುಕ್ತವಾದ ಪ್ರಮಾಣ. ಬೆಳಗ್ಗೆ ಐದೂವರೆಗೆ ಎದ್ದು ಆರರಿಂದ ಎಂಟರವರೆಗೆ ಕಠಿನವಾದ ಭೌತಶಾಸ್ತ್ರ. ಸಂಜೆ ಆಟವಾದ ಮೇಲೆ ಐದೂವರೆಯಿಂದ ಏಳರವರೆಗೆ ರಸಾಯನಶಾಸ್ತ್ರದ ಸಮಸ್ಯೆಗಳು. ಊಟದ ಬಳಿಕ ಏಳೂವರೆಯಿಂದ ಒಂಬತ್ತರವರೆಗೆ ಜೀವಶಾಸ್ತ್ರ ಮತ್ತು ದಿನದ ಪಾಠಗಳ ನೆನಪಿನ ಬರಹ. ಒಂಬತ್ತೂವರೆಗೆ ದೀಪ ಆರಲಿ. ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಮಾದರಿ ಪರೀಕ್ಷೆ ನಡೆದರೆ, ಊಟದ ಮಂಪರಿನಲ್ಲಿಯೂ ಬುದ್ಧಿ ಎಚ್ಚರವಿರುವ ಅಭ್ಯಾಸವಾಗುತ್ತದೆ. ಕಾಲೇಜಿನ ಹೊರೆಯಿಲ್ಲದೆ ಒಂದು ವರ್ಷ ಮತ್ತೆ ಸಿದ್ಧತೆ ನಡೆಸುವವರಿಗೆ ಎಂಟು ಗಂಟೆ, ಎರಡೆರಡು ಗಂಟೆಗಳ ನಾಲ್ಕು ಸರದಿಗಳಲ್ಲಿ ಸಾಕು. ಅದರಲ್ಲಿ ಮೂರನೆಯ ಒಂದು ಭಾಗ ತಪ್ಪುಗಳ ಪರಿಶೀಲನೆಗೆ ಮೀಸಲಾಗಿರಬೇಕು. ಈ ಪ್ರಮಾಣ ಒಬ್ಬೊಬ್ಬರಿಗೆ ಅರ್ಧ ಗಂಟೆ ಹೆಚ್ಚು ಕಡಿಮೆಯಾದೀತು. ನಿನ್ನೆಯ ಪಾಠದ ಸಾರವನ್ನು ಇಂದು ಬೆಳಗ್ಗೆ ಪುಸ್ತಕ ನೋಡದೆ ಬರೆಯಲು ಬಂದರೆ ಅಳತೆ ಸರಿ; ಬಾರದಿದ್ದರೆ ಗಂಟೆಯನ್ನು ಹೆಚ್ಚಿಸುವುದಲ್ಲ, ಓದುವ ಕ್ರಮವನ್ನು ತಿದ್ದಬೇಕು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದ ಆಕ್ಷೇಪ. ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತು, ಪಿ.ಯು.ಸಿ.ಯಲ್ಲಿ ಒಮ್ಮೆಲೆ ಇಂಗ್ಲಿಷಿನ ವಿಜ್ಞಾನಕ್ಕೆ ಬಂದ ಬಡ ಮಗು, ಒಂದು ಪುಟಕ್ಕೆ ಇತರರ ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅದು ಐದೇ ಗಂಟೆ ಓದಿ ಗೆಲ್ಲುವುದೆಂತು? ಆ ಮಗುವಿಗೆ ಹೆಚ್ಚಿನ ಕಾಲ ಬೇಕೆಂಬುದು ನಿಜ. ಆ ಕಾಲವನ್ನು ಅದರ ನಿದ್ರೆಯಿಂದ ಕಸಿಯಬಾರದು, ತಿಂಗಳುಗಳಲ್ಲಿ ಒದಗಿಸಬೇಕು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಗೆಯಲ್ಲಿಯೇ ಪಾರಿಭಾಷಿಕ ಪದಗಳ ಪರಿಚಯ, ಪ್ರಥಮ ಪಿ.ಯು.ಸಿ.ಯಿಂದಲೇ ಸಣ್ಣ ಸಣ್ಣ ಪರೀಕ್ಷೆಗಳು, ಸಂಜೆ ಜೊತೆಗೆ ಕುಳಿತು ಸಂದೇಹ ಬಿಡಿಸುವ ಒಬ್ಬ ಅಧ್ಯಾಪಕ: ಇವು ದೊರೆತರೆ ಎರಡು ವರ್ಷಗಳ ಐದು ಗಂಟೆಗಳು ಕೊನೆಯ ನಾಲ್ಕು ತಿಂಗಳ ಹದಿನಾಲ್ಕು ಗಂಟೆಗಳನ್ನು ಸುಲಭವಾಗಿ ಮೀರಿಸುತ್ತವೆ.

ಇದು ಕೇವಲ ಅಂಕಗಳ ವಿಚಾರವಲ್ಲ. ಪ್ರವೇಶ ಪರೀಕ್ಷೆಗಳ ತರಬೇತಿಗೆ ಹೆಸರಾದ ರಾಜಸ್ಥಾನದ ಕೋಟಾ ನಗರದಲ್ಲಿ 2023ರ ಒಂದೇ ವರ್ಷ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಬಾಳನ್ನು ತಾವೇ ಕೊನೆಗಾಣಿಸಿಕೊಂಡರು. ಪ್ರತಿಯೊಂದು ಸಾವಿಗೂ ಓದಿನ ಹೊರೆಯೊಂದೇ ಕಾರಣವೆನ್ನುವುದು ಸಲ್ಲದು. ಆದರೆ ವಿರಾಮವಿಲ್ಲದ ದಿನಚರಿಯು ಮಗುವಿನ ದುಃಖವನ್ನು ಹಿರಿಯರ ಕಣ್ಣಿಂದ ಮರೆಮಾಡುತ್ತದೆಂಬುದು ಸತ್ಯ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ತರಬೇತಿ ಕೇಂದ್ರಗಳ ತರಗತಿಗಳು ದಿನಕ್ಕೆ 5 ಗಂಟೆ ಮೀರಬಾರದೆಂದೂ ವಾರಕ್ಕೊಂದು ರಜೆ ಇರಬೇಕೆಂದೂ ತಿಳಿಸಿದೆ. ವ್ಯಾಪಾರದ ಕೇಂದ್ರಗಳಿಗೇ ಇಂತಹ ಮೇರೆ ಬೇಕೆಂದಾದರೆ, ಅನ್ನ, ಆಶ್ರಯ, ಅಕ್ಷರ ಮೂರನ್ನೂ ಮಕ್ಕಳಿಗೆ ನೀಡುವ ನಿಲಯಗಳು ತಮಗೆ ತಾವೇ ಅದನ್ನು ವಿಧಿಸಿಕೊಳ್ಳುವುದು ಭೂಷಣ.

ಅಧ್ಯಾಪಕರು ಗಂಟೆಗಳನ್ನು ಎಣಿಸುವ ಬದಲು ಮಕ್ಕಳ ತಪ್ಪುಗಳನ್ನು ಓದಲಿ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ವರ್ಷಕ್ಕೆ ನಾಲ್ಕು ಭಾನುವಾರಗಳನ್ನು ನಿಲಯದ ಮಕ್ಕಳಿಗೆ ಕೊಡಲಿ. ದಾನಿಗಳು ಕಟ್ಟಡಕ್ಕೆ ಕೊಡುವ ಔದಾರ್ಯದಲ್ಲಿ ಒಂದಂಶವನ್ನು ಬೇಸಗೆಯ ತರಗತಿಗೂ ಸಂಜೆಯ ಅಧ್ಯಾಪಕನ ವೇತನಕ್ಕೂ ಮೀಸಲಿಡಲಿ. ಒಂಬತ್ತೂವರೆಗೆ ದೀಪ ಆರಿದ ನಿಲಯವನ್ನು ಕಂಡು ಯಾರೂ ಅದನ್ನು ಆಲಸ್ಯವೆನ್ನದಿರಲಿ. ಅಲ್ಲಿ ಮಲಗಿದ ಮಕ್ಕಳ ಬುದ್ಧಿಯಲ್ಲಿ ಅಂದಿನ ಪಾಠ ಬೇರೂರುತ್ತಿರುತ್ತದೆ.