ಗಿಡಮರಗಳ ಪರಿಚಯ: ದೊಡ್ಡ ಹುಣಸೆ

ಭಾಂಡುಪಿನ ನಮ್ಮ ಬಂಧುಗಳಲ್ಲಿ ಭಾಯ್ಖಳಾದ ರಾಣೀಬಾಗನ್ನು ನೋಡದವರು ವಿರಳ. ಮಕ್ಕಳಿಗೆ ಹುಲಿಯನ್ನೂ ಪೆಂಗ್ವಿನ್ ಹಕ್ಕಿಗಳನ್ನೂ ತೋರಿಸಿ ಲೋಕಲ್ ಹಿಡಿದು ಮರಳುತ್ತೇವೆ. ಅದೇ ತೋಟದಲ್ಲಿ ಆಫ್ರಿಕಾ ಮೂಲದ ಬಾವೊಬಾಬ್ ಎಂಬ ಮರವೂ ಉಂಟು. ಅದರತ್ತ ಕಣ್ಣು ಹೊರಳಿಸುವವರು ಕಡಮೆ. ಮರಾಠಿಗರು ಅದನ್ನು ಗೋರಖಚಿಂಚ್ ಎನ್ನುತ್ತಾರೆ. ನಮ್ಮ ನಾಡಿನಲ್ಲಿ ಅದು ದೊಡ್ಡ ಹುಣಸೆ.

ಹೆಸರಿನಲ್ಲಿ ಹುಣಸೆ ಇದ್ದರೂ ಇದು ಬೂರುಗದ ಬಳಗದ್ದು. 18ನೆಯ ಶತಮಾನದಲ್ಲಿ ಸೆನೆಗಾಲಿನಲ್ಲಿ ಇದನ್ನು ಅಭ್ಯಸಿಸಿದ ಫ್ರೆಂಚ್ ವಿದ್ವಾಂಸ ಮಿಶೆಲ್ ಅಡಾನ್ಸನ್ನನ ಹೆಸರಿನಿಂದ ಇದಕ್ಕೆ ಅಡಾನ್ಸೋನಿಯಾ ಡಿಜಿಟೇಟಾ ಎಂಬ ಶಾಸ್ತ್ರೀಯ ನಾಮ ಬಂದಿದೆ. ಎಲೆಗಳು ಅಂಗೈಯ ಬೆರಳುಗಳಂತೆ ಹರಡಿರುತ್ತವೆ. ಬೇಸಗೆಯಲ್ಲಿ ಮರವೆಲ್ಲ ಬರಿದು. ಆಗ ಅದನ್ನು ತಲೆಕೆಳಗಾಗಿ ನೆಟ್ಟಂತೆ, ಬೇರುಗಳೇ ಮೇಲಾದಂತೆ ತೋರುತ್ತದೆ. ಉಬ್ಬಿದ ಕಾಂಡ ಸ್ಪಂಜಿನಂತೆ ನೀರು ಹಿಡಿದಿಡುತ್ತದೆ. ಜೋಲುವ ದೊಡ್ಡ ಬಿಳಿಯ ಹೂ ಸಂಜೆಗೆ ಅರಳಿ ಮರುದಿನ ಬಾಡುವುದು. ಅದಕ್ಕೆ ಬಾವಲಿಗಳೇ ಅತಿಥಿಗಳು. ಕಾಯಿ ಸೋರೆಯಂತೆ, ಮೇಲೆ ಮಕಮಲ್ಲು. ಒಡೆದರೆ ಒಳಗೆ ಬಿಳಿಯ ಹುಳಿ ತಿರುಳು. ಈ ಹುಳಿಯೇ ಮರಕ್ಕೆ ನಮ್ಮವರು ಹೆಸರಿಡಲು ಕಾರಣ.

ಆಫ್ರಿಕದವರಿಗೆ ಇದು ಕಲ್ಪವೃಕ್ಷ. ಸೆನೆಗಾಲಿನಲ್ಲಿ ತಿರುಳಿನಿಂದ ಬುಯ್ ಎಂಬ ಪಾನಕ ಮಾಡುವರು. ನೈಜೀರಿಯದ ಹೌಸಾ ಜನರು ಒಣಗಿದ ಎಲೆಯ ಪುಡಿಯಿಂದ ಸಾರು ಕಾಯಿಸುವರು. ನಾರಿನಿಂದ ಹಗ್ಗ ಹೊಸೆಯುವರು. ತೊಗಟೆ ಸುಲಿದರೂ ಮರ ಸಾಯದೆ ಮತ್ತೆ ತೊಗಟೆ ಬೆಳೆಸಿಕೊಳ್ಳುವುದು. ಜಿಂಬಾಬ್ವೆಯ ಪಾಂಕೆ ಎಂಬ ಮರ ಸುಮಾರು 2,450 ವರ್ಷ ಬಾಳಿ 2011ರಲ್ಲಿ ಅಳಿಯಿತು.

ಈ ಮರ ನಮ್ಮ ದೇಶಕ್ಕೆ ಬಂದುದು ಒಂದೇ ಸಲವಲ್ಲ, ಹಲವು ಸಲ ಎಂದು ವಂಶವಾಹಿಗಳ ಶೋಧನೆ ಹೇಳುತ್ತದೆ. ಹಡಗಿನ ವರ್ತಕರೂ ಇಲ್ಲಿಗೆ ತರಲ್ಪಟ್ಟ ಆಫ್ರಿಕನರೂ ಬೀಜ ತಂದಿರಬೇಕು. ಇನ್ನೂ ಒಂದು ಸ್ವಾರಸ್ಯವುಂಟು. ನಮ್ಮ ಸಾರಿನ ಹುಣಸೆಯ ತವರೂ ಆಫ್ರಿಕವೇ! ಬಹು ಹಿಂದೆ ಬಂದ ಅದು ಇಲ್ಲಿ ಎಷ್ಟು ಒಗ್ಗಿತೆಂದರೆ, ಅರಬರು ಅದನ್ನು ತಮರ್-ಹಿಂದಿ, ಅಂದರೆ ಹಿಂದೂಸ್ಥಾನದ ಖರ್ಜೂರ ಎಂದರು. ಮೊದಲು ಬಂದ ನೆಂಟನ ಹೆಸರನ್ನೇ ಹಿಂದೆ ಬಂದ ನೆಂಟನಿಗೂ ಇಟ್ಟು ನಮ್ಮ ಹಿರಿಯರು ಒಳಗೆ ಕರೆದುಕೊಂಡರು. ಊರು ಬಿಟ್ಟು ಬಂದ ನಮಗೆ ಇದರ ಬೆಲೆ ಬೇರೆ ಹೇಳಬೇಕೆ?

ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇಂಥ ಮೂರು ಮರಗಳಿರುವ ಮಠಕ್ಕೆ ದೊಡ್ಡಹುಣಸೆ ಕಲ್ಮಠವೆಂದೇ ಹೆಸರು. ಒಂದೊಂದನ್ನು ತಬ್ಬಲು ಎಂಟು-ಹತ್ತು ಜನ ಬೇಕು. 2023ರ ಜುಲೈ ಮಳೆಯಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಸೌದೆಯಾಯಿತೆಂದು ಯಾರೂ ಕೈಬಿಡಲಿಲ್ಲ. ಕ್ರೇನುಗಳನ್ನು ತರಿಸಿ ಮರಳಿ ನಿಲ್ಲಿಸಿದರು, ಮರ ಚಿಗುರಿತು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಮುಂಬಯಿಯ ಸಾಂತಾಕ್ರೂಜಿನಲ್ಲಿ ಮೆಟ್ರೊ ಮಾರ್ಗದ ಸಲುವಾಗಿ ನಿಂತಿದ್ದ ಮರವನ್ನೇ ಕಡಿದರು. ಬಿದ್ದುದನ್ನು ಎತ್ತಿದ ಊರೂ ನಮ್ಮದೇ, ನಿಂತುದನ್ನು ಉರುಳಿಸಿದ ಊರೂ ನಮ್ಮದೇ. ರೈಲು ನಮಗೂ ಬೇಕು; ಆದರೆ ಮುನ್ನೂರು ಹೆಜ್ಜೆ ನಡೆದರೆ ಇನ್ನೊಂದು ನಿಲ್ದಾಣ ಸಿಕ್ಕೀತು, ಅಂಥ ಇನ್ನೊಂದು ಮರಕ್ಕೆ ತಲೆಮಾರುಗಳೇ ಕಾಯಬೇಕು.

ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ ಎಂದು ಗಾದೆ. ಮಹಾರಾಷ್ಟ್ರದಲ್ಲಿ 2021ರ ತಿದ್ದುಪಡಿಯ ಮೇರೆಗೆ 50 ವರ್ಷ ಮೀರಿದ ಮರಗಳು ಪಾರಂಪರಿಕ ಮರಗಳೆನಿಸುತ್ತವೆ. ನಮ್ಮ ಚಾಳು, ಸೊಸೈಟಿ, ಶಾಲೆಗಳ ಸುತ್ತ ಅಂಥವು ಯಾವುವಿವೆ? ಮಕ್ಕಳನ್ನು ಕರೆದುಕೊಂಡು ಎಣಿಸಿರಿ; ಕನ್ನಡದ ಹೆಸರು, ಮರಾಠಿಯ ಹೆಸರು, ಬುಡದ ಸುತ್ತಳತೆ ಬರೆದಿಡಿರಿ. ಕೊಡಲಿ ಬಂದ ಮೇಲೆ ಹೆಸರು ಹುಡುಕಿದರೆ ಫಲವಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ ಹಾವೇರಿಯಲ್ಲಿ ಇಳಿದು ಸವಣೂರಿನ ಹಿರಿಯರಿಗೂ ಒಂದು ನಮಸ್ಕಾರ ಹೇಳಿಬನ್ನಿರಿ.